ಅಕ್ಕವ್ವನ ಆವಿಗೆಯ ಕೂಸು

ನಮ್ಮ ಮನೆಯಲ್ಲಿ ಯೇಸು ಹುಟ್ಟುವುದು ಬೇಸಿಗೆಯಲ್ಲಿ. ಬಸವ ಜಯಂತಿ ಮುಗಿದು, ಖಾನಾಪುರದ ಬಿಸಿಲು ಹಿತ್ತಲ ಕಲ್ಲನ್ನು ರೊಟ್ಟಿಯ ಹಂಚಿನಂತೆ ಕಾಯಿಸುವ ದಿನಗಳಲ್ಲಿ. ಆಗ ನೆರಳಲ್ಲಿಟ್ಟ ಮಣ್ಣೂ ಒಳತನಕ ಒಣಗುತ್ತದೆ. ಮಿರಗದ ಮಳೆ ಬರುವ ಮೊದಲು ಆವಿಗೆಗೆ ಬೆಂಕಿ ಇಟ್ಟರೆ, ಗಡಿಗೆ ಹೂಜಿಗಳ ನಡುವೆ ಅವನೂ ಕೆಂಪಗೆ ಬೆಂದು ಹೊರಗೆ ಬರುತ್ತಾನೆ.

ಅವನನ್ನು ಮಾಡುವವಳು ನನ್ನ ಆಯಿ ಅಕ್ಕವ್ವ. ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಕುಂಬಾರರ ಮನೆಯಲ್ಲಿ ತಿಗರಿಯ ಚಕ್ರ ಗಂಡಸರದು, ಕೈಯಲ್ಲಿ ತಿದ್ದುವ ಕೆಲಸ ಹೆಂಗಸರದು. ಮಣ್ಣೆತ್ತಿನ ಅಮಾವಾಸ್ಯೆಗೆ ಅಕ್ಕವ್ವ ಮಾಡುವ ಎತ್ತುಗಳು ಈಗಲೋ ಆಗಲೋ ಡುರ್ ಅಂದಾವು ಅನ್ನುವಂತೆ ಇರುತ್ತವೆ. ಬಹಳ ವರ್ಷಗಳ ಹಿಂದೆ, ಗಡಿಗೆ ಕೊಳ್ಳಲು ಬಂದ ಒಬ್ಬ ಕ್ರಿಶ್ಚಿಯನ್ ಹೆಣ್ಣುಮಗಳು ಆ ಎತ್ತುಗಳನ್ನು ನೋಡಿ, "ನಮ್ಮ ಗೋದಲಿಗೂ ಒಂದು ಎತ್ತು ಮಾಡಿಕೊಡವ್ವಾ" ಅಂದಳಂತೆ. ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ. ಕ್ರಿಸ್ಮಸ್ಸಿಗೆ ಚರ್ಚುಗಳಲ್ಲಿ ಬೊಂಬೆಗಳನ್ನಿಟ್ಟು ಕಟ್ಟುತ್ತಾರೆ. ಮುಂದಿನ ವರ್ಷ ಎತ್ತಿನ ಜೊತೆಗೆ ಕತ್ತೆ ಬೇಕಾಯಿತು. ಆಮೇಲೆ ಕುರಿಗಳು, ಕುರುಬರು, ತಾಯಿ, ತಂದೆ, ಕೂಸಿಗೆ ಕಾಣಿಕೆ ತಂದ ಮೂವರು ರಾಯರು. ಎಲ್ಲರಾದ ಮೇಲೆ ಕೂಸು.

ಆ ಹೆಣ್ಣುಮಗಳು ಈಗಿಲ್ಲ. ಅವಳ ಮಗ ಸಾಂತಾನ ಮಾಮಾ ಬೆಳಗಾವಿ ದಾರಿಯ ಮಚ್ಛೆಯ ಸಣ್ಣ ಚರ್ಚಿನಲ್ಲಿ ಗೋದಲಿ ಕಟ್ಟುತ್ತಾನೆ. ಅಲ್ಲಿ ಒಂದು ಪದ್ಧತಿ ಇದೆ. ಹಬ್ಬ ಮುಗಿದ ಮೇಲೆ ಬೊಂಬೆಗಳನ್ನು ಕಟ್ಟಿಡುವುದಿಲ್ಲ, ಒಂದೊಂದನ್ನು ಒಂದೊಂದು ಮನೆಗೆ ಕೊಟ್ಟುಬಿಡುತ್ತಾರೆ. ಕೂಸು ಮಾತ್ರ ಆ ವರ್ಷ ತೊಟ್ಟಿಲು ತೂಗಿದ ಮನೆಗೆ. ಹೀಗಾಗಿ ಅಕ್ಕವ್ವ ಪ್ರತಿ ಬೇಸಿಗೆಯೂ ಹೊಸದಾಗಿ ಎಲ್ಲರನ್ನೂ ಹುಟ್ಟಿಸಬೇಕು. ಅವಳ ಕೈಯ ಮರಿಯಮ್ಮ ತಲೆ ತುಂಬ ಸೆರಗು ಹೊದ್ದಿರುತ್ತಾಳೆ. ಕುರುಬರ ಹೆಗಲ ಮೇಲೆ ಕಂಬಳಿ. ಎತ್ತಿನ ಬೆನ್ನ ಮೇಲೆ ನಮ್ಮ ಎತ್ತುಗಳ ಹಾಗೆ ಡುಬ್ಬ.

ಈ ಡುಬ್ಬದ ಮೇಲೆ ಸುಮಿತನಿಗೆ ತಕರಾರು ಇತ್ತು. ಸುಮಿತ ಸಾಂತಾನ ಮಾಮಾನ ಅಳಿಯ. ಮಚ್ಛೆಯ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳ ಅಳತೆ ನೋಡಿ, ಕೂದಲೆಳೆ ತಪ್ಪಿದ್ದನ್ನೂ ವಾಪಸು ಕಳಿಸುವುದು ಅವನ ಕೆಲಸ. ಮನೆಗೆ ಬಂದರೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಹೋದ ಡಿಸೆಂಬರ್ ಮೊದಲ ವಾರ ಮಾವನ ಜೊತೆ ನಮ್ಮ ಮನೆಗೆ ಬಂದಾಗಲೂ ಕಟ್ಟೆಯ ಮೇಲೆ ಕುಳಿತು ಮೊಬೈಲ್ ನೋಡುತ್ತ ಶುರು ಮಾಡಿದ.

"ಆ ದೇಶದ ಎತ್ತಿಗೆ ಡುಬ್ಬಾನ ಇರಂಗಿಲ್ಲ ಮಾಮಾ. ಅದ್ಹಂಗಿರ್ಲಿ, ತಾರೀಖರ ಖರೇ ಐತೇನು? ಕುರುಬರು ಹೊಲದಾಗ ಕುರಿ ಕಾಯ್ತಿದ್ರು ಅಂತ ಬೈಬಲ್‌ನ್ಯಾಗ ಬರದೈತಿ. ಡಿಸೆಂಬರ್ ಅಂದ್ರ ಅಲ್ಲಿ ಥಂಡಿ, ಮಳಿ. ಆವಾಗ ಯಾರು ಬಯಲಾಗ ಮಲಗ್ತಾರ? ಹಿಂದಿನ ಕಾಲದಾಗ ಕೆಲವ್ರು ಮೇ ತಿಂಗಳಾಗ ಹುಟ್ಟ್ಯಾನ ಅಂತನೂ ಹೇಳ್ಯಾರ. ಇಪ್ಪತ್ತೈದು ಅನ್ನೂದು ಆಮ್ಯಾಲ ಠರಾವು ಮಾಡಿದ್ದು."

"ಜಾವಯಿಬಾಪು," ಸಾಂತಾನ ಮಾಮಾ ಅಳಿಯನನ್ನು ಹಾಗೆ ಕರೆದು ಚಹಾದ ಬಸಿ ಕೆಳಗಿಟ್ಟ. "ನಮ್ಮಪ್ಪ ಇಪ್ಪತ್ತೈದಕ್ಕ ಮಾಡ್ಯಾನ, ಅವರಪ್ಪ ಇಪ್ಪತ್ತೈದಕ್ಕ ಮಾಡ್ಯಾನ. ನಿಮ್ಮ ಮೊಬೈಲ್ ಹುಟ್ಟಿದ್ದು ಮೊನ್ನೆ. ಮಾಮಾಗ ಕಲಿಸಾಕ ಬರಬ್ಯಾಡ್ರಿ."

"ಮೇ ತಿಂಗಳಾ?" ಅಕ್ಕವ್ವ ಕಣ್ಣರಳಿಸಿದಳು. "ಹಂಗಾದ್ರ ನಮ್ಮ ಆವಿಗ್ಯಾಗ ಹುಟ್ಟೂದ ಖರೇ ಲೆಕ್ಕ ಆತಲ್ಲೋ ತಮ್ಮಾ! ಇಲ್ಲಿ ಬೆಳಗಾವ್ಯಾಗ ಶಿವಾಜಿ ಮಹಾರಾಜರ ಜಯಂತಿ ಫೆಬ್ರುವರಿದಾಗ ಒಂದ ಸಲ, ಬ್ಯಾಸಗ್ಯಾಗ ಒಂದ ಸಲ ಮಾಡ್ತಾರ. ಮಹಾರಾಜರು ಬ್ಯಾಡ ಅಂದಾರೇನು? ನಮ್ಮ ಬಸವಣ್ಣ ಹುಟ್ಟಿದ್ದು ಯಾವ ವರ್ಷ ಅಂತ ಇನ್ನೂ ಜಗಳ ಐತಿ. ಜಯಂತಿ ಊಟ ಯಾರೂ ಬಿಟ್ಟಿಲ್ಲ."

ಎಲ್ಲರೂ ನಕ್ಕರು. ಆದರೆ ಸಾಂತಾನ ಮಾಮಾ ಹೊರಡುವಾಗ ದನಿ ಇಳಿಸಿ ಒಂದು ಮಾತು ಹೇಳಿದ. ಮುಂಬೈಯಿಂದ ಫೈಬರಿನ ಗೋದಲಿ ತರಿಸೋಣ ಎಂದು ಚರ್ಚಿನ ಸಮಿತಿಯಲ್ಲಿ ಕೆಲವರು ಹಟ ಹಿಡಿದಿದ್ದರು. ಒಮ್ಮೆ ತಂದರೆ ಇಪ್ಪತ್ತು ವರ್ಷ ತಿರುಗಿ ನೋಡುವ ಹಾಗಿಲ್ಲ. ಅವರಲ್ಲಿ ಸುಮಿತನೂ ಒಬ್ಬ. ಈ ಸಲ ಮಣ್ಣಿನ ಬೊಂಬೆಗಳಲ್ಲಿ ಒಂದು ಕಡಿಮೆಯಾದರೂ ಮುಂದಿನ ವರ್ಷದಿಂದ ಫೈಬರ್ ಎಂದು ತೀರ್ಮಾನವಾಗಿತ್ತು.

"ಕಡಿಮಿ ಯಾಕಾಕ್ಕಾವ?" ಅಂದಳು ಅಕ್ಕವ್ವ. "ಎಲ್ಲಾರೂ ಅಟ್ಟದ ಮ್ಯಾಲ ಹುಲ್ಲಾಗ ಮಲಗ್ಯಾರ."

ಮರುದಿನ ಬಣ್ಣ ಹಚ್ಚಲೆಂದು ಅಟ್ಟದಿಂದ ಬುಟ್ಟಿ ಇಳಿಸಿದೆವು. ಮಳೆಗಾಲದಲ್ಲಿ ಹೆಂಚಿನ ಸಂದಿಯಿಂದ ನೀರು ಸೋರಿ ಹುಲ್ಲು ಕಪ್ಪಾಗಿತ್ತು. ರಾಯರು ಬಂದರು, ಕತ್ತೆ ಬಂತು, ಕುರಿಗಳು ಬಂದವು. ಬೆಂದ ಮಣ್ಣಿಗೆ ನೀರು ಏನೂ ಮಾಡಿರಲಿಲ್ಲ. ಕೊನೆಗೆ ಹಳೆ ಧೋತರದ ತುಂಡಿನಲ್ಲಿ ಸುತ್ತಿದ್ದ ಕೂಸು. ಅಕ್ಕವ್ವ ಬಟ್ಟೆ ಬಿಚ್ಚಿದಳು. ಒಳಗೆ ಹುಲ್ಲು ಮೆತ್ತಿದ ಒಂದು ಹಿಡಿ ಕೆಸರು.

ಅವಳು ಅದನ್ನು ಬೆರಳಲ್ಲಿ ಹೊಸಕಿ ನೋಡಿದಳು. "ಇದು ಬೆಂದೇ ಇಲ್ಲ."

ಬಾಗಿಲ ಹತ್ತಿರ ಅಜ್ಜ ಗುರುಪುತ್ರಪ್ಪ ಕೆಮ್ಮಿದ.

"ಆ ಕೆಮ್ಮು ನಂಗ ಗೊತ್ತೈತಿ," ಅಂದಳು ಅಕ್ಕವ್ವ ತಿರುಗದೆ. "ಹೇಳ್ರಿ."

ಆವಿಗೆಗೆ ಮಡಕೆ ಹೊಂದಿಸುವವನು ಅಜ್ಜ. ಜೂನಿನಲ್ಲಿ ಅವನು ಆ ಕೆಲಸ ಮಾಡುವಾಗ ಕೂಸು ಮಣ್ಣೆತ್ತುಗಳ ಸಾಲಿನ ಕೊನೆಯಲ್ಲಿ ಒಣಗುತ್ತಿತ್ತು. ಮಣ್ಣೆತ್ತುಗಳನ್ನು ಯಾರೂ ಸುಡುವುದಿಲ್ಲ. ಪೂಜೆಯಾದ ಮೇಲೆ ಅವು ನೀರಿಗೆ ಹೋಗಿ ಮತ್ತೆ ಮಣ್ಣಾಗಬೇಕು. ಆ ಸಾಲನ್ನು ಮುಟ್ಟಬಾರದು ಎಂದು ಅಜ್ಜನ ಕೈಗೆ ಐವತ್ತು ವರ್ಷದ ರೂಢಿ. ಕೈ ಕೂಸನ್ನೂ ಬಿಟ್ಟಿತು. ಬೆಂಕಿ ಆರಿದ ಮೇಲೆ ಗೊತ್ತಾಯಿತು. ಇವಳ ಬಾಯಿಗೆ ಅಂಜಿ, ಮುಂದಿನ ಆವಿಗೆಗೆ ಹಾಕಿದರಾಯಿತು ಎಂದು ಬಟ್ಟೆ ಸುತ್ತಿ ಬುಟ್ಟಿಯ ತಳಕ್ಕಿಟ್ಟ. ಮಳೆ ಹಿಡಿಯಿತು, ಅವನೂ ಮರೆತ.

"ಎತ್ತಿನ ಸಾಲಿನ್ಯಾಗ ಇಟ್ಟಾಕಿ ನೀನಽ ಅಲ್ಲೇನು?" ಅಂದ ಅಜ್ಜ, ಕೊನೆಯ ಆಸರೆಗೆ.

"ಕೂಸಿಗೂ ಎತ್ತಿಗೂ ಫರಕು ಗೊತ್ತಾಗಲಿಲ್ಲ! ನಿಮ್ಮ ಮಕ್ಕಳನ್ನ ಹೆಂಗ ಗುರ್ತು ಹಿಡದ್ರಿ?"

ಬೈದು ಮುಗಿಸುವ ಹೊತ್ತಿಗೆ ಅವಳು ಮಣ್ಣು ನಾದುತ್ತಿದ್ದಳು. ಸಂಜೆಗೆ ಹೊಸ ಕೂಸು ತಯಾರಾಯಿತು. ಮುಷ್ಟಿ ಬಿಗಿದು, ಒಂದು ಕಾಲು ಮೇಲೆತ್ತಿ, ಈಗಷ್ಟೇ ಹಾಲು ಕುಡಿದು ಮಲಗಿದ ಹಾಗೆ.

ಆದರೆ ಖಾನಾಪುರದ ಡಿಸೆಂಬರ್ ಮಣ್ಣಿಗೆ ಒಳ್ಳೆಯ ಕಾಲವಲ್ಲ. ಬೆಳಗಿನ ಮಂಜು ಮನೆಯೊಳಗೇ ಬಂದು ಕುಳಿತುಕೊಳ್ಳುತ್ತದೆ. ಸಂಕ್ರಾಂತಿಗೆಂದು ಮಾಡುವ ಪುಟ್ಟ ಗಡಿಗೆಗಳ ಮೈ ತೆಳು, ಹೇಗೋ ಒಣಗುತ್ತವೆ. ಕೂಸು ಗಟ್ಟಿ. ಅಕ್ಕವ್ವ ಪ್ರತಿ ಮುಂಜಾನೆ ಅದನ್ನೆತ್ತಿ ಕೆನ್ನೆಗೆ ಹಚ್ಚಿ ನೋಡುತ್ತಿದ್ದಳು. ಒಳಗೆ ಹಸಿ ಇದ್ದರೆ ಮಣ್ಣು ಕೆನ್ನೆಗೆ ತಣ್ಣಗೆ ಹತ್ತುತ್ತದೆ. "ಇನ್ನೂ ತಣ್ಣಗೈತಿ," ಅನ್ನುತ್ತಿದ್ದಳು. ಹಬ್ಬ ಹತ್ತಿರ ಬಂತು. ಗಡಿಗೆಗಳ ಆವಿಗೆ ಹೊತ್ತಿಸುವ ದಿನವೂ ಅವಳು ಕೆನ್ನೆಗೆ ಹಚ್ಚಿದಳು, ಇನ್ನು ಕಾಯಲು ದಿನವಿಲ್ಲವೆಂದು ಅಜ್ಜನ ಕೈಗೆ ಕೊಟ್ಟಳು. ಬೆಂಕಿ ಏರಿದಾಗ ಒಳಗಿನಿಂದ ಠಪ್ ಎಂದು ಒಂದೇ ಸದ್ದು ಬಂತು, ಒಳಗೆ ಹಸಿಯಿದ್ದ ಕೂಸು ಸಿಡಿದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈ ಸಲ ಬೈಯಲು ಯಾರೂ ಇರಲಿಲ್ಲ. ಅವಳು ಮತ್ತೆ ಮಣ್ಣು ನಾದಿ ಮೂರನೆಯ ಕೂಸನ್ನು ತಿದ್ದಿ ಒಲೆಯ ಮೇಲಿನ ಹಲಗೆಯಲ್ಲಿಟ್ಟಳು. ಆಮೇಲೆ ಸೀರೆ ಬದಲಿಸಿ, "ನಡಿ, ಹೇಳಿ ಬರೂಣು. ಸುದ್ದಿ ನಮ್ಮ ಬಾಯಿಂದನ ಹೋಗಬೇಕು," ಎಂದು ನನ್ನನ್ನು ಬೆಳಗಾವಿ ಬಸ್ಸಿಗೆ ಹತ್ತಿಸಿದಳು.

ಮಚ್ಛೆಯ ಚರ್ಚಿನಲ್ಲಿ ಸಾಂತಾನ ಮಾಮಾ ಬಿದಿರಿನ ಕೊಟ್ಟಿಗೆ ಕಟ್ಟುತ್ತಿದ್ದ. ಸುಮಿತ ದೀಪದ ಸರ ಬಿಡಿಸುತ್ತಿದ್ದ. ಫಾದರ್ ಏಣಿ ಹಿಡಿದು ನಿಂತಿದ್ದರು. ಮೊದಲೇ ಟೆಂಪೋದಲ್ಲಿ ಬಂದಿದ್ದ ಬೊಂಬೆಗಳು ಹುಲ್ಲಿನ ಮೇಲಿದ್ದವು. ಅಕ್ಕವ್ವ ಎಲ್ಲವನ್ನೂ ಹೇಳಿದಳು. ಅಜ್ಜನ ತಪ್ಪನ್ನೂ, ತನ್ನ ಅವಸರವನ್ನೂ.

ಸಾಂತಾನ ಮಾಮಾ ಕೊಟ್ಟಿಗೆಯ ಮುಂದೆ ಕುಳಿತುಬಿಟ್ಟ. "ಇವತ್ತ ಪ್ಯಾಟಿಗೆ ಹೋಗಿ ಪ್ಲಾಸ್ಟಿಕ್‌ದು ಒಂದ ತರಬಹುದು. ಆದ್ರ ಸಮಿತಿಯವರು ಕಣ್ಣು ಬಿಟ್ಟಗೊಂಡ ಕುಂತಾರ. ಈ ಸಲ ಪ್ಲಾಸ್ಟಿಕ್ ಕೂಸು, ಮುಂದಿನ ಸಲ ಎಲ್ಲಾನೂ ಫೈಬರ್."

ಆಗ ಸುಮಿತ ದೀಪದ ಸರವನ್ನು ಕೈಯಲ್ಲಿ ಸುತ್ತುತ್ತ, "ಮಾಮಾ, ನಾ ಆವತ್ತಽ ಹೇಳಿದ್ನಲ್ಲ. ಇಪ್ಪತ್ತೈದಕ್ಕ ಹುಟ್ಟ್ಯಾನಂತ ಗ್ಯಾರಂಟಿ ಯಾರು ಕೊಟ್ಟಾರ?" ಅಂದ.

"ಗಾಯದ ಮ್ಯಾಲ ಉಪ್ಪು ಹಾಕ್ರಿ!" ಮಾವ ಸಿಡುಕಿದ.

"ಹಂಗಲ್ಲ. ಕೂಸಿನ ಜಾಗಾ ಖಾಲಿ ಬಿಡೂಣು. ಮಣ್ಣು ಒಣಗಿದಾಗ ಬರಲಿ."

ಸಾಂತಾನ ಮಾಮಾ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಫೈಬರ್ ಬೇಕು ಅಂತ ಸಭಾದಾಗ ಕೈ ಎತ್ತಿದವರು ನೀವಽ ಅಲ್ಲೇನ್ರಿ?"

ಸುಮಿತನ ಕಿವಿ ಕೆಂಪಾದವು. "ಎತ್ತಿದ್ದೆ, ಅದು ಮೊದಲಿನ ಮಾತು. ನವೆಂಬರದಾಗ ನಮಗ ಮಗಳು ಹುಟ್ಟಿದಳಲ್ಲ. ಈ ವರ್ಷದ ಕೂಸು ನಮ್ಮ ಮನಿಗೆ ಅಂತ ನಿಮ್ಮ ಮಗಳು ಗ್ವಾಡ್ಯಾಗಿನ ಗೂಡು ಸುದ್ದಾ ಖಾಲಿ ಮಾಡಿ ಇಟ್ಟಾಳ. ಪ್ಯಾಟಿ ಪ್ಲಾಸ್ಟಿಕ್ ಕೂಸನ್ನ ಆಕಿ ಗೂಡಿನ್ಯಾಗ ಇಡ್ತಾಳೇನು? ನಾ ಬರಿಗೈಲೆ ಹೋದ್ರ ಆಕಿ ನನ್ನ ಒಳಗ ಕರಕೊಳ್ಳಂಗಿಲ್ಲ."

ಏಣಿ ನಡುಗಿತು. ಫಾದರ್ ನಗುತ್ತಿದ್ದರು. ನಗು ನಿಂತ ಮೇಲೆ, ಆರ್ಮೇನಿಯಾದ ಕ್ರೈಸ್ತರು ಇವತ್ತಿಗೂ ಯೇಸುವಿನ ಜನನವನ್ನು ಜನವರಿ ಆರಕ್ಕೆ ಆಚರಿಸುತ್ತಾರೆ ಎಂದು ಹೇಳಿದರು. ಇಲ್ಲಿಯ ಚರ್ಚುಗಳಲ್ಲಿ ಅದೇ ದಿನ ಮೂವರು ರಾಯರ ಹಬ್ಬ. ಗೋದಲಿ ಹೇಗೂ ಅಲ್ಲಿಯತನಕ ಇರುತ್ತದೆ. ಸಮಿತಿಗೆ ನಾನೇ ಹೇಳುತ್ತೇನೆ, ಆರರೊಳಗೆ ಕೂಸು ಬಂದರೆ ಬೊಂಬೆ ಕಡಿಮೆಯಾದ ಲೆಕ್ಕವಲ್ಲ ಅಂದರು.

"ಆರಕ್ಕ ಒಣಗತೈತೇನು ಅಕ್ಕವ್ವಬಾಯಿ?" ಅಂದ ಸಾಂತಾನ ಮಾಮಾ.

"ಬಿಸಲು ಬಿದ್ರ ಒಣಗತೈತಿ. ನಾ ಮತ್ತ ಗಡಿಬಿಡಿ ಮಾಡಂಗಿಲ್ಲ."

ಕ್ರಿಸ್ಮಸ್ ದಿನ ಆ ಚರ್ಚಿನ ಗೋದಲಿಯಲ್ಲಿ ಎಲ್ಲರೂ ಬಾಗಿ ನೋಡುತ್ತಿದ್ದುದು ಬರೀ ಹುಲ್ಲನ್ನು. ಸುದ್ದಿ ಹಬ್ಬಿತು. ಚಹಾದಂಗಡಿಯಲ್ಲಿ, ಕಾರ್ಖಾನೆಯ ಗೇಟಿನಲ್ಲಿ, ಸಾಂತಾನ ಮಾಮಾ ಕಂಡಲ್ಲೆಲ್ಲ ಜನ, "ಇನ್ನೂ ಹಡದಿಲ್ಲೇನ್ರಿ?" ಅನ್ನತೊಡಗಿದರು. ಮೊದಲೆರಡು ದಿನ ಸಿಡುಕಿದ ಅವನು ಆಮೇಲೆ ತಾನೇ, "ದಿನಾ ತುಂಬ್ಯಾವು, ಇವತ್ತೋ ನಾಳೆನೋ," ಅನ್ನಲು ಕಲಿತ. ದಾರಿಯಲ್ಲಿ ಹೋಗುವವರೂ ಒಳಗೆ ಇಣುಕಿ ಹೋದರು. ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ಅವನ ದನಿಯಲ್ಲಿ ಹಬ್ಬ ಇನ್ನೂ ಮುಗಿದಿರಲಿಲ್ಲ.

ಇಲ್ಲಿ ಒಲೆಯ ಮೇಲಿನ ಹಲಗೆಯಲ್ಲಿ ಕೂಸು ಬೂದಿಬಣ್ಣದಿಂದ ಬಿಳಿಚಿಕೊಳ್ಳುತ್ತ ಬಂತು. ಹೊಸ ವರ್ಷಕ್ಕೆ ಮಂಜು ಸರಿದು ಬಿಸಿಲು ಬಿತ್ತು. ಒಂದು ಮುಂಜಾನೆ ಅಕ್ಕವ್ವ ಅದನ್ನು ಕೆನ್ನೆಗೆ ಹಚ್ಚಿ ಬಹಳ ಹೊತ್ತು ಹಾಗೇ ನಿಂತಳು. ನಂತರ ಅಜ್ಜನನ್ನು ಕರೆದು ಅವನ ಕೆನ್ನೆಗೂ ಹಚ್ಚಿದಳು. ಅಜ್ಜ ಕಣ್ಣು ಮುಚ್ಚಿ, "ತಣ್ಣಗಿಲ್ಲ," ಅಂದ.

ಕೂಸೊಂದಕ್ಕಾಗಿಯೇ ಹಿತ್ತಲಲ್ಲಿ ಪುಟ್ಟ ಆವಿಗೆ ಮಾಡಿದರು. ಅಜ್ಜ ಕುಳ್ಳನ್ನು ಒಂದೊಂದಾಗಿ ಇಟ್ಟ, ಬೆಂಕಿಯನ್ನು ಪುಸಲಾಯಿಸಿ ಏರಿಸಿದ. ಯಾವ ಸದ್ದೂ ಬರಲಿಲ್ಲ. ಬೂದಿ ಸರಿಸಿದಾಗ ಕೂಸು ಕೆಂಪಗೆ, ಒಂದು ಕಾಲು ಮೇಲೆತ್ತಿ ಮಲಗಿತ್ತು.

ಆರನೆಯ ತಾರೀಖು ಅಕ್ಕವ್ವ ಬಣ್ಣ ಹಚ್ಚಿದ ಕೂಸನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಳು. ಬಾಜು ಕುಳಿತ ಹೆಣ್ಣುಮಗಳು ಸರಿದು ಜಾಗ ಮಾಡಿಕೊಟ್ಟು, "ಎಷ್ಟ ದಿನದ್ದ್ರೀ?" ಅಂದಳು.

"ಮೊನ್ನಿ ಹುಟ್ಟೇತಿ ಯವ್ವಾ."

"ಗಾಳಿಗೆ ಒಯ್ದೀರಿ ಮತ್ತ. ಕಿವಿ ಮುಚ್ಚ್ರಿ."

ಅಕ್ಕವ್ವ ಕೌದಿಯ ಅಂಚು ಎಳೆದು ಮುಚ್ಚಿದಳು.

ಇಷ್ಟು ವರ್ಷ ಬೊಂಬೆಗಳು ಟೆಂಪೋದಲ್ಲಿ ಹೋಗುತ್ತಿದ್ದವು. ಸಂಕ್ರಾಂತಿ ಗಡಿಗೆಗಳ ಗದ್ದಲದಲ್ಲಿ ಅವಳು ಒಮ್ಮೆಯೂ ಗೋದಲಿ ನೋಡಲು ಹೋಗಿರಲಿಲ್ಲ. ಈಗ ಚರ್ಚು ತುಂಬಿತ್ತು. ಫಾದರ್ ಕೂಸನ್ನು ತೆಗೆದುಕೊಳ್ಳದೆ, ನೀವೇ ಇಡಿ ಎಂದು ಕೈ ತೋರಿಸಿದರು. ಅವಳು ಚಪ್ಪಲಿ ಬಿಟ್ಟು ಮೊಣಕಾಲೂರಿದಳು. ದೀಪದ ಬೆಳಕಿನಲ್ಲಿ ಅವಳ ಕುರುಬರು, ಅವಳ ಕುರಿಗಳು, ಡುಬ್ಬದ ಎತ್ತು, ಸೆರಗು ಹೊದ್ದ ತಾಯಿ, ಎಲ್ಲರೂ ಅವಳನ್ನೇ ಕಾಯುತ್ತಿದ್ದಂತೆ ನಿಂತಿದ್ದರು. ಹುಲ್ಲು ಸರಿಪಡಿಸಿ, ಕೂಸನ್ನು ಮಲಗಿಸಿ, ಅದರ ಮೇಲೆತ್ತಿದ ಕಾಲನ್ನು ಬೆರಳಿನಿಂದ ಒಮ್ಮೆ ಮುಟ್ಟಿದಳು. ಹಿಂದೆ ಯಾರೋ ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ.

ಹೊರಗೆ ಅಂಗಳದಲ್ಲಿ ಕೇಕು ಹಂಚುವಾಗ ಸಮಿತಿಯ ಹಿರಿಯರೊಬ್ಬರು ಬಂದು, ಮುಂದಿನ ವರ್ಷದ ಎತ್ತಿಗೆ ಕೊರಳಲ್ಲಿ ಗಂಟೆಯೂ ಇರಲಿ ಎಂದು ಹೇಳಿ ಹೋದರು. ಫೈಬರಿನ ಮಾತು ಯಾರೂ ಎತ್ತಲಿಲ್ಲ.

"ಅಂದ್ರ ಮುಂದಿನ ವರ್ಷನೂ ಜನವರಿದಾಗನಽ ಹುಟ್ಟತಾನೇನು ಅಕ್ಕವ್ವಬಾಯಿ?" ಅಂದ ಸಾಂತಾನ ಮಾಮಾ.

"ಇಲ್ಲಪಾ ಸಾಂತಾನಣ್ಣ, ಟೈಮಿಗೆ ಸರಿಯಾಗಿ ಹುಟ್ಟತಾನ. ಎತ್ತಿನ ಸಾಲಿನ್ಯಾಗ ಇಡಂಗಿಲ್ಲ."

ಅಷ್ಟರಲ್ಲಿ ಸುಮಿತನ ಹೆಂಡತಿ ಬಂದು ಎರಡು ತಿಂಗಳ ಮಗಳನ್ನು ಅಕ್ಕವ್ವನ ಕೈಗಿಟ್ಟಳು. ಮಗು ಮುಷ್ಟಿ ಬಿಗಿದು ನಿದ್ದೆಯಲ್ಲಿತ್ತು. ಅಕ್ಕವ್ವ ರೂಢಿಯಂತೆ ಅದನ್ನೆತ್ತಿ ಕೆನ್ನೆಗೆ ಹಚ್ಚಿದಳು.

"ಇದು ಹದಕ್ಕ ಬಂದೈತಿ," ಅಂದಳು.