ತಾರಸಿಯ ಮೇಲೆ ಬೆಂದ ಬದನೆ ಸಸಿಗಳು

ಕಳೆದ ಭಾನುವಾರ ನಾನು ನಲವತ್ತು ಬದನೆ ಸಸಿಗಳನ್ನು ಕೊಂದೆ. ಬಳಸಿದ ಆಯುಧ ಎರಡು: ಒಂದು ಪ್ಲಾಸ್ಟಿಕ್ ಶೀಟ್, ಒಂದು ಭಾಷಣ.

ಸಸಿಗಳು ನಮ್ಮ ಮನೆ ಓನರ್ ಜಯಮ್ಮನವರವು. ಜರಗನಹಳ್ಳಿಯಲ್ಲಿ ನಾನು ಬಾಡಿಗೆಗಿರುವ ಈ ಮೂರಂತಸ್ತಿನ ಕಟ್ಟಡ ನಿಂತಿರುವುದು ಅವರ ಬದನೆ ಹೊಲದಲ್ಲಿ. ಹೊಲ ಹೋದರೂ ಬೀಜ ಉಳಿದಿದೆ. ಪ್ರತಿವರ್ಷ ತಾರಸಿಯ ಕುಂಡಗಳಲ್ಲಿ ಬೆಳೆದು, ಹಣ್ಣಾದ ಕಾಯಿಯಿಂದ ಬೀಜ ತೆಗೆದು, ಬೂದಿಯಲ್ಲಿ ಕಲಸಿ ಡಬ್ಬಿಯಲ್ಲಿಡುತ್ತಾರೆ. ಆ ತಳಿ ಈಗ ಬೇರೆ ಯಾರ ಬಳಿಯೂ ಇಲ್ಲ.

ಈ ಬೇಸಿಗೆಯಲ್ಲಿ ಅವರು ಎಳೆ ಸಸಿಗಳಿಗೆ ಕಡ್ಡಿ ನೆಟ್ಟು, ತೆಂಗಿನ ಗರಿಯ ನೆರಳು ಮಾಡುತ್ತಿದ್ದಾಗ ನಾನು ಮಧ್ಯೆ ಬಾಯಿ ಹಾಕಿದೆ. ಎಲ್ಲವೂ ವೈಜ್ಞಾನಿಕವಾಗಿರಬೇಕು, ಗ್ರೀನ್‌ಹೌಸ್ ಕಟ್ಟೋಣ ಎಂದೆ. ಹಾಗೆಂದರೇನು ಎಂದು ಕೇಳಿದರು. (ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವನನ್ನು ಇಂಥದ್ದು ಕೇಳಬಾರದು.)

ಪದದ ಹುಟ್ಟಿನಿಂದಲೇ ಶುರುಮಾಡಿದೆ. ಇಲ್ಲಿ ಗ್ರೀನ್ ಎಂಬುದು ಗೋಡೆಯ ಬಣ್ಣವಲ್ಲ. ಸದಾ ಹಸಿರಾಗಿರುವ ಗಿಡಗಳನ್ನೇ ಇಂಗ್ಲಿಷರು ಹಿಂದೆ ಹಾಗೆ ಕರೆಯುತ್ತಿದ್ದರು. ಹಿಮ ಬೀಳುವ ಚಳಿಯಲ್ಲಿ ಅವು ಸಾಯದಿರಲೆಂದು ಕಟ್ಟಿದ ಮನೆಯೇ ಗ್ರೀನ್‌ಹೌಸ್. ಎಷ್ಟು ಕರುಣೆಯಿಂದ ಹುಟ್ಟಿದ ಪದ ನೋಡಿ, ಎಂದೆ.

ಜಯಮ್ಮನವರು ಗರಿ ಹಿಡಿದೇ ಎಲ್ಲವನ್ನೂ ಕೇಳಿಸಿಕೊಂಡರು.

"ಅವ್ರಿಗೆ ಚಳಿ, ಸರಿ ಮೇಷ್ಟ್ರೇ. ನಮ್ಗೀಗ ಚಳಿ ಎಲ್ಲೈತೆ?"

ಉತ್ತರ ಕೊಡಬೇಕಿತ್ತು. ಬೆಳಕು, ತೇವಾಂಶ, ಭವಿಷ್ಯ ಎಂದು ಮಾತು ಹರಿಸಿದೆ. (ಸ್ಪರ್ಧೆಯಲ್ಲಿ ಇದಕ್ಕೂ ಅಂಕ ಸಿಗುತ್ತದೆ.) ಅವರು ಗರಿಯನ್ನು ಪಕ್ಕಕ್ಕಿಟ್ಟರು. ಶನಿವಾರ ಸಂಜೆ ನಾನು ಪೈಪು ಬಗ್ಗಿಸಿ, ಶೀಟ್ ಹೊದಿಸಿ, ನಾಲ್ಕೂ ಕಡೆ ಬಿಗಿದೆ. ಭಾನುವಾರ ಜಯನಗರದಲ್ಲಿ ಒಂದು ಪರಿಸರ ಸಭೆಯಲ್ಲಿ ಮಾತಾಡಿ, ಮಧ್ಯಾಹ್ನ ವಾಪಸ್ ಬಂದು ಶೀಟ್ ಎತ್ತಿದೆ. ಬೆಂದ ಸೊಪ್ಪಿನ ವಾಸನೆ ಮುಖಕ್ಕೆ ಬಡಿಯಿತು.

ಕೆಳಗಿಳಿದು ಹೋಗಿ ಹೇಳಿದೆ. ನಿಮ್ಮ ತಳಿಯನ್ನೇ ಮುಗಿಸಿಬಿಟ್ಟೆ ಎಂದೆ. ಅವರು ಮೇಲೆ ಬಂದು ನೋಡಿದರು. ಒಂದು ಸಸಿಯನ್ನು ಬೆರಳಲ್ಲಿ ಎತ್ತಿ ನಿಲ್ಲಿಸಿದರು. ಅದು ಮತ್ತೆ ಮಲಗಿತು.

"ಅರ್ಧ ಬೀಜ ಡಬ್ಬೀಲೈತೆ, ಬುಡಿ. ಒಂದೇ ಸಲ್ಕೆ ಎಲ್ಲಾ ಹಾಕಾಕಿಲ್ಲ ನಾವು. ಮಳೆ ಕೈಕೊಡ್ತದೆ, ದನ ಮೇಯ್ತದೆ." ಸತ್ತ ಸಸಿಯನ್ನು ಕಿತ್ತು ಸೇರಿಸಿದರು: "ಈಗ ಬಾಡಿಗೆಯೋರೂ ಅವ್ರೆ."

ಸೋಮವಾರ ಹೊಸ ಪಾತಿ ಸಿದ್ಧವಾಯಿತು. ಗರಿ ಹೊತ್ತು ಮೇಲೆ ತಂದವನು ನಾನು. ಬಾಯಿ ತೆರೆಯಲಿಲ್ಲ.

ಜನರನ್ನು ತಿದ್ದಿ ತಿದ್ದಿ ಸಾಕಾಗಿದೆ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಗೊಣಗಿದ್ದೇನೆ. ನನ್ನಿಂದ ತಿದ್ದಿಸಿಕೊಂಡವರಿಗೆ ಇನ್ನೆಷ್ಟು ಸಾಕಾಗಿರಬೇಡ?