ಗ್ರೀನಿಚ್ ಗುಡ್ಡದ ಮೇಲೆ ಬದಲಾದ ತಿಥಿ

ಜೂನ್ ತಿಂಗಳ ಒಂದು ಭಾನುವಾರ ಬೆಳಗ್ಗೆ ಅಮ್ಮನೂ ನಾನೂ ಹೌನ್ಸ್ಲೋದ ನನ್ನ ಫ್ಲ್ಯಾಟಿನಿಂದ ಹೊರಟೆವು. ಅವಳು ಮೈಸೂರಿನಿಂದ ಬಂದು ಮೂರು ವಾರವಾಗಿತ್ತು. ಆಸ್ಪತ್ರೆಯ ಡ್ಯೂಟಿಗಳ ನಡುವೆ ಸೌತ್‌ಹಾಲ್‌ನ ತರಕಾರಿ ಅಂಗಡಿಗಳನ್ನು ಬಿಟ್ಟು ನಾನು ಅವಳಿಗೆ ಏನನ್ನೂ ತೋರಿಸಿರಲಿಲ್ಲ. ಮರುದಿನ ಅಪ್ಪನ ಶ್ರಾದ್ಧ. ಪುರೋಹಿತರಿಗೆ ಹೇಳಿಯಾಗಿತ್ತು, ಕರಿ ಎಳ್ಳು ತಂದಾಗಿತ್ತು. ನನಗೆ ಮಾತ್ರ ಒಳಗೊಳಗೇ ಅಳುಕು. ಏಳು ವರ್ಷಗಳಿಂದ ಅಮ್ಮ ಫೋನಿನಲ್ಲಿ ಶ್ರಾದ್ಧದ ದಿನ ಯಾವುದೆಂದು ಹೇಳುತ್ತಿದ್ದಳು. ಮಾಡಿದೆ ಎಂದು ನಾನು ಹೇಳುತ್ತಿದ್ದೆ. ಒಂದು ವರ್ಷವೂ ಮಾಡಿರಲಿಲ್ಲ.

ವೆಸ್ಟ್‌ಮಿನ್‌ಸ್ಟರ್‌ನಿಂದ ಗ್ರೀನಿಚ್‌ಗೆ ದೋಣಿಯಲ್ಲಿ ಒಂದು ಗಂಟೆ. ಮೋಡವಿತ್ತು, ಮಳೆಯಿರಲಿಲ್ಲ. ಮೇಲಂತಸ್ತಿನ ಬೆಂಚಿನಲ್ಲಿ ಕೂತೆವು. ರಾಗಿ ಗಂಜಿಯ ಬಣ್ಣದ ಥೇಮ್ಸ್ ನೀರು ನೋಡಿ ಅಮ್ಮ, "ಇದಕ್ಕಾ ಇಷ್ಟೊಂದು ಹೆಸರು?" ಅಂದಳು. ದೋಣಿಯವನು ಪ್ರತಿ ಸೇತುವೆಗೂ ಮೈಕಿನಲ್ಲಿ ಒಂದು ತಮಾಷೆ ಹೇಳುತ್ತಿದ್ದ. ಅವಳಿಗೆ ಒಂದೂ ಅರ್ಥವಾಗದಿದ್ದರೂ ಎಲ್ಲರೂ ನಕ್ಕಾಗ ಧಾರಾಳವಾಗಿ ನಗುತ್ತಿದ್ದಳು. ನಾನು ಚಿಪ್ಸ್ ಕೊಂಡೆ. "ನಾಳೆ ಇದೆಲ್ಲ ಇಲ್ಲ, ಈಗ್ಲೇ ತಿಂದ್ಕೊ" ಎಂದು ತಾನೂ ಎರಡು ತೆಗೆದುಕೊಂಡಳು.

ಗ್ರೀನಿಚ್ ಹಡಗುಗಳ ಹಳೆಯ ಊರು. ಚೀನಾದಿಂದ ಚಹಾ ತರುತ್ತಿದ್ದ ಹಾಯಿಹಡಗೊಂದನ್ನು ದಡದ ಮೇಲೆ ನಿಲ್ಲಿಸಿದ್ದಾರೆ. ಅಮ್ಮ ಕತ್ತೆತ್ತಿ ಅದರ ಹಗ್ಗಗಳನ್ನೇ ಬಹಳ ಹೊತ್ತು ನೋಡಿದಳು. "ಹೋದೋರು ಬಂದ್ರೋ ಇಲ್ವೋ ಅಂತ ಮನೇಲಿರೋರಿಗೆ ಹೇಗೆ ಗೊತ್ತಾಗ್ತಿತ್ತೋ" ಅಂದಳು. ಆಮೇಲೆ ಮೆಲ್ಲಗೆ ಗುಡ್ಡ ಹತ್ತಿದೆವು. ಅಲ್ಲಿ ನೆಲದಲ್ಲಿ ಲೋಹದ ಪಟ್ಟಿಯೊಂದಿದೆ. ಜನ ಅದರ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಜಗತ್ತಿನ ಗಡಿಯಾರಗಳ ಲೆಕ್ಕ ಇಲ್ಲಿಂದಲೇ ಎಂದು ನಾನು ಜಂಬದಿಂದ ವಿವರಿಸಿದೆ. ನಮ್ಮೂರು ಐದೂವರೆ ಗಂಟೆ ಮುಂದೆ, ಈಗ ಇವರ ಬೇಸಿಗೆಯಾದ್ದರಿಂದ ನಾಲ್ಕೂವರೆ, ಎಂದೆ.

ಅಮ್ಮ ಪಟ್ಟಿ ದಾಟಲಿಲ್ಲ. "ಪಂಚಾಂಗದಲ್ಲಿ ತಿಥಿ ಇವತ್ತು ಸಂಜೆ ಐದಕ್ಕೆ ಶುರು. ಅಲ್ಲಿ ಐದು ಅಂದ್ರೆ ಇಲ್ಲಿ?"

"ಹನ್ನೆರಡೂವರೆ."

"ಈಗೆಷ್ಟು?"

"ಒಂದೂಮುಕ್ಕಾಲು."

"ಶ್ರಾದ್ಧಕ್ಕೆ ಮಧ್ಯಾಹ್ನದ ಹೊತ್ತು ತಿಥಿ ಇರಬೇಕು. ನಾಳೆ ಅಷ್ಟೊತ್ತಿಗೆ ಇಲ್ಲಿ ಮುಗಿದಿರುತ್ತೆ ಕಣೋ. ಇವತ್ತೇ ಅದು."

ಅವಳ ಮುಖ ಬಾಡಿತು. ಶ್ರಾದ್ಧದ ದಿನವೇ ಚಿಪ್ಸ್ ತಿಂದದ್ದಕ್ಕಲ್ಲ. "ಪ್ರತಿವರ್ಷ ಮೈಸೂರಿನ ದಿನಾನೇ ನಿನಗೆ ಹೇಳಿದೆನಲ್ಲ. ರಜ ಹಾಕಿ, ಉಪವಾಸ ಇದ್ದು, ನೀನು ಶ್ರದ್ಧೆಯಿಂದ ಮಾಡಿದ್ದು ಎಷ್ಟು ವರ್ಷ ತಪ್ಪಿಹೋಯ್ತೋ. ನನ್ನಿಂದ ಹೀಗಾಯ್ತು."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಎರಡೂಕಾಲರ ದೋಣಿ ಹಿಡಿದೆವು. ಅವಳು ಕೈಬೆರಳಲ್ಲಿ ವರ್ಷಗಳನ್ನು ಎಣಿಸುತ್ತ, ಆ ವರ್ಷ ತಿಥಿ ಯಾವಾಗ ಹತ್ತಿತ್ತೋ ಎಂದು ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದಳು. ಮಾಡದ ತಪ್ಪನ್ನು ಹೀಗೆ ಹೊತ್ತುಕೊಂಡು ಅವಳು ಮೈಸೂರಿಗೆ ಮರಳುವುದನ್ನು ನೆನೆದು ನನಗೆ ನಾಚಿಕೆಯಾಯಿತು. ಟವರ್ ಬ್ರಿಜ್ ಕಾಣುವ ಹೊತ್ತಿಗೆ ಹೇಳಿಬಿಟ್ಟೆ.

"ಅಮ್ಮ, ಯಾವ ವರ್ಷವೂ ತಪ್ಪಿಲ್ಲ. ನಾನು ಮಾಡೇ ಇಲ್ಲ."

ಮೈಕಿನವನು ಏನೋ ಹೇಳಿದ, ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಮೂರು ಸೇತುವೆ ದಾಟಿದ ಮೇಲೆ ಕೇಳಿದಳು, "ಶ್ರಾದ್ಧದ ಹೊತ್ತು ಮೀರೋದ್ರೊಳಗೆ, ಐದು ಗಂಟೆಯೊಳಗೆ ಮನೆ ಸೇರ್ತೀವಾ?"

"ಸೇರಬಹುದು. ಆದ್ರೆ ಪುರೋಹಿತರು ಬರೋದು ನಾಳೆ. ನನಗೆ ಮಂತ್ರ ಬರಲ್ಲ."

"ಎಳ್ಳುನೀರಾದ್ರೂ ಬಿಡು. ನಿಮ್ಮಪ್ಪ ಬಿಡೋವಾಗ ಹೇಳೋ ಮಂತ್ರಾನ ಅಡುಗೆಮನೆಯಿಂದ ನಲವತ್ತು ವರ್ಷ ಕೇಳಿದೀನಿ."

ಟ್ಯೂಬ್ ರೈಲಿನಲ್ಲೂ ಅವಳು ನನ್ನ ಕಡೆ ತಿರುಗಲಿಲ್ಲ. ಹೌನ್ಸ್ಲೋ ತಲುಪಿದಾಗ ನಾಲ್ಕೂಕಾಲು. ನಾನು ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು, ಬಾಲ್ಕನಿಯಲ್ಲಿ ಸ್ಟೀಲ್ ತಟ್ಟೆಯ ಮುಂದೆ ಕೂತೆ. ಅಮ್ಮ ಬಾಗಿಲ ಒಳಗೇ ನಿಂತು ಒಂದೊಂದೇ ಪದ ಹೇಳಿಕೊಟ್ಟಳು. ನಾನು ಹಾಗೇ ಹೇಳಿ ನೀರು ಬಿಡಬೇಕು. ಗೋತ್ರ ಹೇಳಿದಳು, ಹೇಳಿದೆ. ಮುಂದಿನದು ಹೆಸರು. ಅವಳು ತಡವರಿಸಿದಳು. ಮನೆಗೆ ಬಂದ ಪೋಸ್ಟ್‌ಮನ್ನನಿಗೂ ಗಂಡನ ಹೆಸರು ಹೇಳದೆ "ಇವನ ತಂದೆ" ಎಂದೇ ಅನ್ನುತ್ತಿದ್ದವಳು.

"ಶ್ರೀನಿವಾಸ" ಅಂದಳು.

ಅಪ್ಪನ ಹೆಸರನ್ನು ಅಮ್ಮನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಾನೂ ಹಾಗೇ ಹೇಳಿ ಎಳ್ಳುನೀರು ಬಿಟ್ಟೆ.