ಬಾರದ ಕಾಗದಕ್ಕೆ ಹೇಳಿದ ಸ್ತೋತ್ರ

ಮೊನ್ನೆ ದಾವಣಗೆರೆಯ ಹಳೇ ಪೇಟೆಯಲ್ಲಿ ಮಿರ್ಚಿ ಕರಿಯುವವನೊಬ್ಬ ಸಂಜೆಯ ವ್ಯಾಪಾರ ಮುಗಿಸಿ ತನ್ನ ಬತ್ತಿಯ ಒಲೆಯನ್ನು ಆರಿಸಿದ. ಈ ಕಾಲದಲ್ಲಿ ಅವನಿಗೆ ಸೀಮೆಎಣ್ಣೆ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ಬತ್ತಿ ಆರಿದ ಮೇಲೆ ಏಳುವ ಆ ಕಮಟು ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು, ಕಣ್ಣು ಮುಚ್ಚಿತು. ಮಂಡಕ್ಕಿ ಪೊಟ್ಟಣ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು, "ಯಾಕ್ರಿ ಆಂಟಿ, ತಲೆ ಸುತ್ತುತೈತಾ?" ಎಂದು ಕೇಳಿದಳು. ಇಲ್ಲವ್ವ ಎಂದೆ. ನಾನು ಬೆಳೆದ ಮನೆಯಲ್ಲಿ ಆ ವಾಸನೆ ಬಂತೆಂದರೆ ಪ್ರಾರ್ಥನೆಯ ಹೊತ್ತಾಯಿತು ಎಂದರ್ಥ ಅಂತ ಅವಳಿಗೆ ಹೇಗೆ ಹೇಳುವುದು?

ಆ ಮನೆ ಇದ್ದದ್ದು ಹರಿಹರದಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ. ಎರಡು ಕೋಣೆ, ಮುಂದೆ ಒಂದು ಕಟ್ಟೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಅವ್ವ, ನಾನು, ಅಪ್ಪನ ತಾಯಿಯಾದ ನಮ್ಮಜ್ಜಿ, ಮತ್ತು ಸುಗುಣಾ. ಸುಗುಣಾ ನನ್ನ ಸೋದರತ್ತೆಯ ಮಗಳು. ಅತ್ತೆ ತೀರಿಕೊಂಡ ಮೇಲೆ ಮಾವ ಆ ಏಳು ವರ್ಷದ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು, ಬೋರ್‌ವೆಲ್ ಗಾಡಿಯ ಜೊತೆ ಕೆಲಸಕ್ಕೆಂದು ಉತ್ತರದ ಕಡೆ ಹೋದವರು ಒಂದು ಕಾಗದವನ್ನೂ ಬರೆದಿರಲಿಲ್ಲ. ಅವಳು ಬರುವ ತನಕ ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿದ್ದವಳು ನಾನು. ಅವಳು ಬಂದ ಮೊದಲ ದಿನವೇ ಅಜ್ಜಿ ನನ್ನ ಹಾಸಿಗೆಯನ್ನು ಅವ್ವನ ಕಡೆಗೆ ಸರಿಸಿದಳು. ತಾಯಿಲ್ಲದ ಮಗು ಅಂತ ಎಲ್ಲರೂ ಹೇಳಿದರು. ಹೌದು, ತಾಯಿಲ್ಲದ ಮಗು. ಆದರೆ ನನಗೂ ಏಳೇ ವರ್ಷ, ನನಗೆ ಅದು ಹೇಗೆ ತಿಳಿಯಬೇಕು? ನನ್ನ ಹೆಸರು ಕರುಣಾ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಅನ್ನುತ್ತಾರಲ್ಲ, ಹಾಗೆ.

ಅಪ್ಪ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಂತೆ ಅಜ್ಜಿ, "ಒಲೆ ಆರ್ಸವ್ವ" ಎನ್ನುತ್ತಿದ್ದಳು. ಸಾರು ಅರ್ಧ ಕುದ್ದಿರಲಿ, ಅನ್ನ ಬೇಯದಿರಲಿ, ಒಲೆ ಆರಲೇಬೇಕು. ಇಲ್ಲದಿದ್ದರೆ ಅವ್ವನ ಮನಸ್ಸು ಸಾರಿನ ಮೇಲೆಯೇ ಇರುತ್ತದೆ, ದೇವರ ಮುಂದೆ ಮೈ ಮಾತ್ರ ಕೂತಿರುತ್ತದೆ ಎಂಬುದು ಅವಳ ವಾದ. ಚಾಪೆ ಹಾಸಿ ಕೂತರೆ ಮೊದಲು ಒಂದು ಹಾಡು, ಆಮೇಲೆ ಸತ್ಯವೇದದ ಒಂದು ಅಧ್ಯಾಯ, ಆಮೇಲೆ ಸ್ತೋತ್ರ. ಬೇರೆ ಮನೆಗಳಲ್ಲಿ ಒಬ್ಬರು ಪ್ರಾರ್ಥಿಸಿದರೆ ಮಿಕ್ಕವರು ಆಮೆನ್ ಅಂದರೆ ಮುಗಿಯುತ್ತಿತ್ತು. ನಮ್ಮಲ್ಲಿ ಹಾಗಲ್ಲ. ಪ್ರತಿಯೊಬ್ಬರೂ ಆ ದಿನ ತನಗೆ ಸಿಕ್ಕ ಒಂದು ಒಳ್ಳೆಯದನ್ನು ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ, ನಿನ್ನೆ ಹೇಳಿದ್ದನ್ನು ಇವತ್ತು ಹೇಳುವಂತಿಲ್ಲ. "ಊಟ ಕೊಟ್ಟೆ, ಬಟ್ಟೆ ಕೊಟ್ಟೆ ಅಂತ ಗಿಣಿಪಾಠ ಒಪ್ಪಿಸಬ್ಯಾಡ್ರಿ. ಇವತ್ತು ಏನು ಕೊಟ್ಟ, ಅದನ್ನ ಹೇಳ್ರಿ" ಎನ್ನುತ್ತಿದ್ದಳು. ಸರದಿ ಶುರುವಾಗುವುದು ಎಲ್ಲರಿಗಿಂತ ಚಿಕ್ಕವರಿಂದ. ಸುಗುಣಾ ನನಗಿಂತ ಐದು ತಿಂಗಳು ಚಿಕ್ಕವಳು. ಹಾಗಾಗಿ ದಿನವೂ ಅವಳೇ ಮೊದಲು.

ಈಗ ನೆನೆದರೂ ನನ್ನ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳಲಾರೆ. ಅವಳಿಗೆ ಅವೆಲ್ಲ ಎಲ್ಲಿಂದ ಹೊಳೆಯುತ್ತಿದ್ದವೋ. "ಹಿತ್ತಲ ಕಲ್ಲು ಬೆಚ್ಚಗಿತ್ತು, ಅದರ ಮ್ಯಾಲೆ ಕುಂತು ಕೂದಲು ಒಣಗಿಸ್ಕಂಡೆ, ಸ್ತೋತ್ರ." "ಗಣಿತದ ಮೇಷ್ಟ್ರಿಗೆ ಇವತ್ತು ಕೆಮ್ಮು ಕಮ್ಮಿ ಆಗಿತ್ತು, ಸ್ತೋತ್ರ." ಅವಳು ಹಾಗೆ ಅಂದಾಗಲೆಲ್ಲ ಅಜ್ಜಿಯ ಗಂಟಲಿನಿಂದ ಸಣ್ಣದಾಗಿ ಒಂದು "ಹ್ಞೂಂ" ಬರುತ್ತಿತ್ತು, ಹದವಾಗಿ ಬೆಂದ ಅವರೆಕಾಳನ್ನು ಚಿವುಟಿ ನೋಡಿದಾಗ ಬರುವಂಥದ್ದು. ನಾನೋ, ಪರೀಕ್ಷೆಯಲ್ಲಿ ಪಾಸಾದೆ, ಹೊಸ ಚಪ್ಪಲಿ ಬಂತು ಎಂದು ಹೇಳುತ್ತಿದ್ದೆ. ನನಗೆ "ಆಮೆನ್" ಮಾತ್ರ. ಸತ್ಯವೇದವನ್ನು ಓದುವುದೂ ಅವಳೇ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಕೇಳಿ ಕೇಳಿಯೇ ಬಾಯಿಪಾಠವಾಗಿತ್ತು. ಓದುವವರು ಒಂದು ಪದ ನುಂಗಿದರೂ ಅವಳ ಬೆರಳು ಮೊಣಕಾಲಿನ ಮೇಲೆ ತಟ್ಟುತ್ತಿತ್ತು. ಸುಗುಣಾ ಓದುವಾಗ ಆ ಬೆರಳು ಸುಮ್ಮನಿರುತ್ತಿತ್ತು.

ಒಂದು ಶುಕ್ರವಾರ, ನಾವು ಆರನೇ ತರಗತಿಯಲ್ಲಿದ್ದಾಗ, ನಾನು ಆ "ಹ್ಞೂಂ" ಅನ್ನು ಪಡೆದೇ ತೀರುತ್ತೇನೆ ಎಂದು ನಿಶ್ಚಯಿಸಿದೆ. ಆ ಮನೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದದ್ದು ಏನೆಂದು ನನಗೆ ಗೊತ್ತಿತ್ತು. ಅಜ್ಜಿ ದಿನವೂ ಕೊನೆಯಲ್ಲಿ ಬೇಡುತ್ತಿದ್ದದ್ದು ಒಂದೇ, ಅಳಿಯನಿಂದ ಒಂದು ಕಾಗದ ಬರಲಿ, ಈ ಮಗುವಿಗೆ ತಂದೆ ಇದ್ದಾನೆಂದು ತಿಳಿಯಲಿ. ನನ್ನ ಸರದಿ ಬಂದಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹೇಳಿಬಿಟ್ಟೆ: "ಮಾವನ ಕಾಗದ ಬಂದೈತಂತೆ. ಟಪಾಲಿನ ರುದ್ರಣ್ಣ ಹೇಳಿದ್ರು, ಓಣಿಗೆ ಬಂದಾಗ ಕೊಡ್ತಾರಂತೆ. ಸ್ತೋತ್ರ."

ನಮ್ಮ ಮನೆಯಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ ಎಂದಲ್ಲ. ಸಕ್ಕರೆ ತಿಂದಿಲ್ಲ ಅನ್ನುತ್ತಿದ್ದೆವು, ಲೆಕ್ಕ ಮಾಡಿದ್ದೇನೆ ಅನ್ನುತ್ತಿದ್ದೆವು. ಆದರೆ ಚಾಪೆಯ ಮೇಲೆ, ಕಣ್ಣು ಮುಚ್ಚಿ, ಸ್ತೋತ್ರ ಎಂದು ಹೇಳಿದ ಮಾತನ್ನು ಯಾರೂ ಸಂಶಯಿಸುತ್ತಿರಲಿಲ್ಲ. ಅಲ್ಲಿ ಸುಳ್ಳಿಗೆ ಜಾಗವಿದೆ ಎಂಬುದೇ ಯಾರಿಗೂ ಹೊಳೆದಿರಲಿಲ್ಲ. ಅಜ್ಜಿ ಪ್ರಾರ್ಥನೆಯ ನಡುವೆ ಕಣ್ಣು ತೆರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳು ನನ್ನ ಕಡೆ ನೋಡಲಿಲ್ಲ. ಸುಗುಣಾಳನ್ನು ಬರಸೆಳೆದು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ನೆತ್ತಿಯ ಮೇಲೆ ಗದ್ದ ಊರಿ ಅತ್ತಳು. ಕಲ್ಲು ಹೊಡೆದವಳು ನಾನು, ಹಣ್ಣು ಬಿದ್ದದ್ದು ಅವಳ ಮಡಿಲಿಗೆ. ನಾನು ಆ ರಾತ್ರಿ ಊಟ ಬೇಡವೆಂದೆ, ಯಾರೂ ಗಮನಿಸಲಿಲ್ಲ.

ಶನಿವಾರ ಸುಗುಣಾ ತಲೆಗೆ ನೀರು ಹಾಕಿಕೊಂಡು, ಎರಡು ಜಡೆ ಹೆಣೆದುಕೊಂಡು ಕಟ್ಟೆಯ ಮೇಲೆ ಕೂತಳು. ರುದ್ರಣ್ಣ ಅಂದು ನಮ್ಮ ಓಣಿಗೇ ಬರಲಿಲ್ಲ. ಭಾನುವಾರ ಅಜ್ಜಿ ಚರ್ಚಿನ ಸಭೆಯಲ್ಲಿ ಎದ್ದು ನಿಂತು ಕಾಗದದ ಸುದ್ದಿ ಹೇಳಿದಳು. ಪಾದ್ರಿ ಅಯ್ಯನವರು ವಿಶೇಷ ಪ್ರಾರ್ಥನೆ ಮಾಡಿದರು, ಇಡೀ ಸಭೆ ಒಟ್ಟಿಗೆ ಸ್ತೋತ್ರ ಹೇಳಿತು. ನನ್ನ ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ನನ್ನ ಕೈ ಹಿಡಿದು, "ನಿನ್ನ ಬಾಯಾಗ ಬಂತಂತೆ ಸುದ್ದಿ, ಪುಣ್ಯದ ಬಾಯಿ ನೋಡು" ಎಂದಳು. ಹೊರಗೆ ಬಂದು ವಾಂತಿ ಮಾಡಿಕೊಂಡೆ. ಬಿಸಿಲಿಗೆ ಪಿತ್ತವಾಗಿದೆ ಎಂದು ಅವ್ವ ನಿಂಬೆಹಣ್ಣು ಹಿಂಡಿ ಕೊಟ್ಟಳು.

ಸೋಮವಾರ ರುದ್ರಣ್ಣನ ಸೈಕಲ್ ಗಂಟೆ ಕೇಳಿದ್ದೇ ಸುಗುಣಾ ಓಡಿದಳು. "ನಮ್ಮಪ್ಪನ ಕಾಗದ ಕೊಡ್ರಿ" ಎಂದಳು. ಅವನು ಚೀಲ ಬಿಚ್ಚಿ ಎರಡು ಸಲ ಹುಡುಕಿದ. "ಯಾವ ಕಾಗದವ್ವ? ನಾನು ಯಾರಿಗೂ ಹಂಗೆ ಹೇಳಿಲ್ಲಲ್ಲ." ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಆಗಲೇ ಅಳುತ್ತಿದ್ದೆ. ಅಜ್ಜಿ ನನ್ನನ್ನು ಒಂದು ಸಲ ನೋಡಿದಳು, ಅಷ್ಟೆ. ರುದ್ರಣ್ಣನಿಗೆ, "ಬಿಸಿಲಾಗೈತೆ, ಕೂಡ್ರಿ, ನೀರು ಕುಡೀರಿ" ಎಂದು ಚೊಂಬು ತಂದು ಕೊಟ್ಟಳು. ಸುಗುಣಾ ಒಳಗೆ ಹೋಗಿ ಜಡೆ ಬಿಚ್ಚುತ್ತಾ ಕೂತಳು. ಅವಳು ನನ್ನನ್ನು ಏನೂ ಕೇಳಲಿಲ್ಲ.

ಹೊಡೆತ ಬೀಳುತ್ತದೆ ಎಂದುಕೊಂಡಿದ್ದೆ. ಬಿದ್ದಿದ್ದರೆ ಸುಲಭವಿತ್ತು. ಸಂಜೆ ನನ್ನ ಸರದಿ ಬಂದಾಗ ಅಜ್ಜಿ, "ನಿಂದು ಬ್ಯಾಡ" ಎಂದಳು. "ಬಾರದ್ದಕ್ಕೆ ಸ್ತೋತ್ರ ಹೇಳಿದಿ. ಇನ್ನು ಬರೋ ತನಕ ಬೇಡ್ಕ. ದಿನಾ. ನಿನಗೆ ಸ್ತೋತ್ರ ಇಲ್ಲ, ಬೇಡಾದು ಅಷ್ಟೇ." ಇನ್ನೊಂದನ್ನೂ ಸೇರಿಸಿದಳು. ಸುಳ್ಳಾಡಿದ ನಾಲಿಗೆ ಸತ್ಯವನ್ನು ಓದಲಿ ಎಂದು, ಸಂಜೆಯ ಓದನ್ನು ಸುಗುಣಾಳಿಗೇ ಬಿಟ್ಟು, ಶಾಲೆಯಿಂದ ಬಂದ ಕೂಡಲೇ ನಾನು ತನಗೆ ಬೇರೆ ಒಂದು ಅಧ್ಯಾಯವನ್ನು ಓದಬೇಕೆಂದಳು. ಮುಂದಿನ ಭಾನುವಾರ ಸಭೆಯಲ್ಲಿ ಮತ್ತೆ ಎದ್ದು ನಿಂತಳು. "ಕಾಗದ ಬಂದಿಲ್ಲ. ವಿಚಾರಿಸದೆ ಹೇಳಿದ್ದು ನನ್ನ ತಪ್ಪು, ಕ್ಷಮಿಸ್ರಿ." ನನ್ನ ಹೆಸರನ್ನು ಅವಳು ಹೇಳಲಿಲ್ಲ. ಬೆಂಚಿನ ಮರದಲ್ಲಿದ್ದ ಒಂದು ಗಂಟನ್ನು ಉಗುರಿನಿಂದ ಕೆರೆಯುತ್ತಾ ನಾನು ಕೂತಿದ್ದೆ.

ಆ ಅಧ್ಯಾಯಗಳನ್ನು ನಾನು ಮೊದಮೊದಲು ಕಹಿ ಔಷಧಿ ಕುಡಿದಂತೆ ಓದಿ ಮುಗಿಸುತ್ತಿದ್ದೆ. ಆದರೆ ಅಜ್ಜಿ ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದಳು: "ಇದರಾಗ ಕರುಣಿಗೆ ಏನು ಹೇಳೈತೆ?" ಏನೂ ಇಲ್ಲ ಎಂದರೆ, "ಹಂಗಾರೆ ಇನ್ನೊಂದು ಸಲ ಓದು." ಒಂದು ದಿನ ಒಂದೇ ಅಧ್ಯಾಯವನ್ನು ನಾಲ್ಕು ಸಲ ಓದಿದೆ. ನಾಲ್ಕನೆಯ ಸಲ ನಿಜಕ್ಕೂ ಒಂದು ಸಾಲು ನನ್ನ ಕಡೆ ತಿರುಗಿ ನೋಡಿತು. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ನಿಮ್ಮ ಸಾಲು ಬೇರೆ ಇರುತ್ತದೆ, ನೀವು ನಾಲ್ಕು ಸಲ ಓದಿದರೆ ಸಿಗುತ್ತದೆ. ಸಂಜೆಯ ಬೇಡಿಕೆಯೂ ಹಾಗೆಯೇ. ಹಲ್ಲು ಕಚ್ಚಿಕೊಂಡು, "ಸುಗುಣಾಗೆ ಅವರಪ್ಪನ ಕಾಗದ ಬರ್ಲಿ" ಎನ್ನುತ್ತಿದ್ದೆ. ನನ್ನ ಬಾಯಿಂದ ಅವಳಿಗೆ ಒಳ್ಳೆಯದನ್ನು ಬೇಡಿಸುವುದೆಂದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿತ್ತು? ಹೀಗೆ ಒಂದು ವರ್ಷ ಕಳೆಯಿತು. ಆ ಮಳೆಗಾಲದಲ್ಲಿ ಸುಗುಣಾಗೆ ಕಾಮಾಲೆಯಾಗಿ ಕಣ್ಣು, ಉಗುರು ಎಲ್ಲ ಅರಿಶಿನವಾಯಿತು. ಒಂದು ಸಂಜೆ ಕಾಗದದ ಮಾತು ಮರೆತು, "ಅವಳನ್ನ ಕರ್ಕಬ್ಯಾಡ ಕರ್ತನೇ, ಅವಳಿಲ್ಲದಿದ್ರೆ ನನಗೆ ಯಾರೈದಾರೆ" ಎಂದುಬಿಟ್ಟೆ. ಎಲ್ಲಿಂದ ಬಂತೋ ಆ ಮಾತು. ಅವಳು ಚೇತರಿಸಿಕೊಂಡು ಗಂಜಿ ಕುಡಿದ ದಿನ ಅಜ್ಜಿ ನನಗೆ, "ಇವತ್ತು ನೀನೂ ಸ್ತೋತ್ರ ಹೇಳು" ಎಂದಳು.

ಮಾವನ ಕಾಗದ ಮಾತ್ರ ಬರಲೇ ಇಲ್ಲ. ಅಜ್ಜಿ ಹೋದಳು, ಅಪ್ಪ ಅವ್ವ ಹೋದರು. ಕಾರ್ಖಾನೆ ಮುಚ್ಚಿತು. ಓಣಿಯ ಆ ಬಾಡಿಗೆ ಮನೆಯನ್ನು ಕೆಡವಿ ಅಲ್ಲೀಗ ಬೈಕ್ ಮಾರುವ ಅಂಗಡಿ ಕಟ್ಟಿದ್ದಾರೆ. ನಾವು ಚಾಪೆ ಹಾಸುತ್ತಿದ್ದ ಜಾಗದಲ್ಲಿ ಗಾಜಿನ ಹಿಂದೆ ಒಂದು ಕೆಂಪು ಗಾಡಿ ನಿಂತಿರುತ್ತದೆ. ನಿಮ್ಮ ಮನೆಯಲ್ಲೂ ಅಂಥದೊಂದು ಚಾಪೆ ಇದ್ದಿರಬೇಕು. ಈಗ ನಮಗೆ ಬೆಳಿಗ್ಗೆ ಎದ್ದರೆ ಫೋನಿನಲ್ಲಿ ಹೂವಿನ ಚಿತ್ರದ ಮೇಲೆ ಬರೆದ ವಚನಗಳು ಬಂದು ಬೀಳುತ್ತವೆ. ಓದದೆಯೇ ಹತ್ತು ಜನಕ್ಕೆ ಕಳಿಸುತ್ತೇವೆ. ಒಳ್ಳೆಯದೇ ಇರಬಹುದು. ಆದರೆ ಇದರಲ್ಲಿ ನಿನಗೇನು ಹೇಳಿದೆ ಎಂದು ಫೋನು ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಯಜಮಾನರು ಟೀವಿಯ ಮುಂದೆ, ಮಗಳು ತನ್ನ ಕೋಣೆಯಲ್ಲಿ, ನಾನು ಅಡುಗೆಮನೆಯಲ್ಲಿ. ಅಜ್ಜಿ ತೀರಿಕೊಂಡ ವರ್ಷವೇ ನನ್ನ ಬೇಡಿಕೆ ನಿಂತುಹೋಯಿತು. ಕೇಳುವವರು ಇರಲಿಲ್ಲ, ನೋಡಿ. ದೇವರು ಕೇಳುತ್ತಾನೆ ಎಂಬುದು ಆಗ ನನಗೆ ಸಾಲದಾಯಿತು.

ಮಿರ್ಚಿ ಅಂಗಡಿಯಿಂದ ನಾನು ಮನೆಗೆ ಹೋಗಲಿಲ್ಲ. ಆಟೋ ಹಿಡಿದು ಆನೆಕೊಂಡಕ್ಕೆ, ಸುಗುಣಾಳ ಮನೆಗೆ ಹೋದೆ. ಮದುವೆಯಾಗಿ ಅವಳೂ ಈ ಊರಿಗೇ ಬಂದವಳು, ರವಿಕೆ ಹೊಲಿಯುತ್ತಾಳೆ. ಹೋಗಿ ಕೂತು, ನೀರು ಕುಡಿಯುವ ಮೊದಲೇ ಹೇಳಿದೆ, ಆ ಕಾಗದದ ಸುಳ್ಳನ್ನು ಹೊಟ್ಟೆಕಿಚ್ಚಿಗೆ ಹೇಳಿದ್ದು, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಎಂದು. ಇಷ್ಟು ವರ್ಷ ಅದನ್ನು ಅವಳೆದುರು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಹುಕ್ಸ್ ಹಾಕುವುದನ್ನು ನಿಲ್ಲಿಸದೆ, "ಗೊತ್ತಿತ್ತು ಬಿಡು" ಎಂದಳು.

"ಯಾವಾಗ?"

"ಅವತ್ತೇ. ನಮ್ಮಪ್ಪ ಬರೆಯೋರಲ್ಲ ಅಂತ ನನಗೆ ಗೊತ್ತಿತ್ತಲ್ಲ."

"ಮತ್ತೆ ಯಾಕೆ ಕಟ್ಟೆ ಮ್ಯಾಲೆ ಕಾದಿ?"

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಮೂರು ದಿನ ನನಗೂ ಒಂದು ಕಾಗದ ಬರಾದಿತ್ತು, ಕರುಣಿ. ಇಡೀ ಸಭೆ ನಮ್ಮಪ್ಪನ ಹೆಸರು ಹೇಳಿ ಸ್ತೋತ್ರ ಮಾಡ್ತು. ಅದಕ್ಕೆ ಮುಂಚೆ ಯಾರೂ ಮಾಡಿರ್ಲಿಲ್ಲ, ಆಮ್ಯಾಗೂ ಮಾಡ್ಲಿಲ್ಲ. ಆ ಮೂರು ದಿನ ನೀನೇ ಕೊಟ್ಟಿದ್ದು. ನಿನ್ನ ಹೆಸರು ಹೇಳಿ ದಿನಾ ಸ್ತೋತ್ರ ಹೇಳ್ತೀನಿ. ಒಂದಿನಾನೂ ಬಿಟ್ಟಿಲ್ಲ."

ನಿನ್ನೆ ಹೇಳಿದ್ದನ್ನು ಇವತ್ತು ಹೇಳಬಾರದಲ್ಲ ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆಟೋದಲ್ಲಿ ವಾಪಸು ಬರುವಾಗ ನನ್ನೊಳಗೆ ಎದ್ದದ್ದು ಪಶ್ಚಾತ್ತಾಪವಲ್ಲ, ಹೊಟ್ಟೆಕಿಚ್ಚೇ. ನನ್ನ ಸುಳ್ಳಿನಲ್ಲೂ ಅವಳು ದೇವರ ಕೈಯನ್ನು ಹುಡುಕಿಕೊಂಡಿದ್ದಳು. ನಾನು ಬಿಟ್ಟುಬಿಟ್ಟ ಅಷ್ಟೂ ವರ್ಷ ಅವಳು ಬಿಟ್ಟಿರಲಿಲ್ಲ. ಅಜ್ಜಿ ಯಾರ ಅಜ್ಜಿಯಾಗಿದ್ದಳು ಎಂಬುದು ಆಗ ನನಗೆ ಸ್ಪಷ್ಟವಾಯಿತು, ಅದನ್ನು ಒಪ್ಪಿಕೊಳ್ಳಲು ಈ ವಯಸ್ಸಿನಲ್ಲೂ ಕಷ್ಟವಾಯಿತು.

ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತೆ. ಸ್ತೋತ್ರ ಹೇಳುವ ಹಕ್ಕು ಇದೆ ಎನ್ನಿಸಲಿಲ್ಲ. ಗೊತ್ತಿದ್ದದ್ದು ಒಂದೇ ಬೇಡಿಕೆ. ಮಾವ ಬದುಕಿದ್ದರೆ ಈಗ ತೊಂಬತ್ತು ದಾಟಿರಬೇಕು, ಬದುಕಿರಲಿಕ್ಕಿಲ್ಲ. ಆದರೂ ಕಣ್ಣು ಮುಚ್ಚಿ, ಸುಗುಣಾಗೆ ಅವರಪ್ಪನ ಕಾಗದ ಬರಲಿ ಎಂದು ಕೇಳಿದೆ, ಈ ಸಲ ಹಲ್ಲು ಕಚ್ಚದೆ.